‘ಏಳೇಳು’: ದ್ವಿರುಕ್ತಿ, ಅನುವಾದ ಮತ್ತು ಒಂದು ಹಳೆಯ ವಿವಾದ

ಇಂದಿನ ಮಂಡ್ಯ ಜಿಲ್ಲೆಗೆ ಸೇರಿದ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಸೇವೆ ಸಲ್ಲಿಸಿದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್, 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಬೈಬಲ್ಲಿನ ದೇಶಭಾಷಾ ಅನುವಾದಗಳು ಓದುಗರಲ್ಲಿ ಗೌರವಕ್ಕಿಂತ ತಾತ್ಸಾರವನ್ನೇ ಹುಟ್ಟಿಸುವವೆಂದು ವಾದಿಸಿದರು. ಆದರೂ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ ಕನ್ನಡ ಬೈಬಲ್ 1831ರಲ್ಲಿ ಪೂರ್ಣಗೊಂಡಿತು.

ಈ ವಾದದ ಮಿತಿಯನ್ನು ತಿಳಿಯಲು ಒಂದು ಕೊಕ್ಕೆಪ್ರಶ್ನೆ ಸಾಕು: ನೋಹನು ಪ್ರತಿ ಜಾತಿಯಿಂದ ಎಷ್ಟು ಪ್ರಾಣಿಗಳನ್ನು ನಾವೆಗೆ ಸೇರಿಸಬೇಕಿತ್ತು? ‘ಎರಡು’ ಎಂಬ ಉತ್ತರ ಆದಿಕಾಂಡ 6:19ಕ್ಕೆ ಸರಿ. 7:2 ಶುದ್ಧ ಪ್ರಾಣಿಗಳಿಗೆ ಬೇರೆ ಲೆಕ್ಕ ಕೊಡುತ್ತದೆ. ಅಲ್ಲಿ ಹೀಬ್ರೂ ಮೂಲವು ‘ಏಳು’ ಎಂಬ ಸಂಖ್ಯಾವಾಚಕವನ್ನು ಎರಡು ಸಲ ಹೇಳಿ, ಗಂಡುಹೆಣ್ಣುಗಳನ್ನು ಹೆಸರಿಸುತ್ತದೆ. ಒಟ್ಟು ಏಳೋ, ಏಳು ಜೋಡಿಯೋ ಎಂಬಲ್ಲಿ ವ್ಯಾಖ್ಯಾನಕಾರರಿಗೆ ಭಿನ್ನಮತವಿದೆ. ಇಂಗ್ಲಿಷಿನ ಈಚಿನ ಹಲವು ಅನುವಾದಗಳು ಏಳು ಜೋಡಿಗಳೆಂದೇ ತೀರ್ಮಾನಿಸಿವೆ.

ಕನ್ನಡಕ್ಕೆ ಆ ತೀರ್ಮಾನ ಅನಿವಾರ್ಯವಲ್ಲ. ‘ಏಳೇಳು’ ಎಂಬುದು ಹಂಚಿಕೆಯ ಅರ್ಥವುಳ್ಳ ದ್ವಿರುಕ್ತಿ. ‘ಗಂಡುಹೆಣ್ಣು ಏಳೇಳು’ ಎಂದರೆ ಜಾತಿಗೆ ಏಳೆಂದೂ, ಗಂಡು ಏಳು, ಹೆಣ್ಣು ಏಳು ಎಂದೂ ಗ್ರಹಿಸಬಹುದು. ಮೂಲದ ಸಂದಿಗ್ಧತೆಯನ್ನು ಇಲ್ಲಿ ಪದಶಃ ಅನುವಾದವೇ ಕಾಯುತ್ತದೆ. ದುಬಾಯ್ ಅವರ ಆಕ್ಷೇಪ ಅನುವಾದಗಳ ಶೈಲಿಗೆ ಸಲ್ಲಬಹುದು. ದೇಶಭಾಷೆಯ ಶಕ್ತಿಗೆ ಸಲ್ಲದು.