ಗುಂಡನ ಕುಲಕಸುಬು (ಬೆಟ್ಟದ ಕಥೆ, ಭಾಗ 4)

ದಸರಾ ಮುಗಿದ ಮೇಲಿನ ಭಾನುವಾರ, ಬೆಳಗ್ಗೆ ಆರೂವರೆ. ಚಾಮುಂಡಿ ಬೆಟ್ಟದ ಪಾದದ ಹತ್ರ ನಾನು, ನಮ್ಮ ನಾಯಿ ಗುಂಡ. ಮೊದಲನೇ ಫೋಟೋದಲ್ಲಿ ಬೇಲಿ ಮೇಲೆ ಕೂತಿರೋದು ಕಂದು ಕಳಿಂಗ. ಸೈಬೀರಿಯಾ, ಮಂಗೋಲಿಯಾ ಕಡೆ ಮರಿ ಮಾಡಿ, ಚಳಿಗಾಲಕ್ಕೆ ನಮ್ಮಲ್ಲಿಗೆ ಬರೋ ಹಕ್ಕಿ. ಎರಡನೇ ಫೋಟೋದಲ್ಲಿ ಬರೀ ಬೇಲಿ. ಗುಂಡ ಹಗ್ಗ ಜಗ್ಗಿ ಲಂಟಾನ ಪೊದೆಗೆ ಮೂತಿ ಹಾಕಿದ, ಒಳಗಿದ್ದ ಗೌಜಲಕ್ಕಿಗಳು ಭರ್ರನೆ ಎದ್ದವು, ಕಳಿಂಗನೂ ಹೋಯ್ತು. ಚೆನ್ನಾಗಿ ಬೈದೆ.

ಆಮೇಲೆ ಅನ್ನಿಸ್ತು, ಪಾಪ, ಅವನು ಮಾಡಿದ್ದು ಅವನ ಕುಲಕಸುಬು. ಗುಂಡ ಲ್ಯಾಬ್ರಡಾರ್. ಪೂರ್ತಿ ಹೆಸರು ಲ್ಯಾಬ್ರಡಾರ್ ರಿಟ್ರೀವರ್. ಅಂದ್ರೆ ಯಜಮಾನ ಹೊಡೆದುರುಳಿಸಿದ ಹಕ್ಕಿನ ಹಲ್ಲು ನಾಟದ ಹಾಗೆ ಬಾಯಲ್ಲಿ ತಂದು ಕೊಡೋನು. ಪಾಯಿಂಟರ್ ಹಕ್ಕಿ ಇರೋ ದಿಕ್ಕಿಗೆ ಮೂಗು ಚಾಚಿ ನಿಲ್ಲುತ್ತೆ, ಸ್ಪ್ಯಾನಿಯಲ್ ಪೊದೆಗೆ ನುಗ್ಗಿ ಎಬ್ಬಿಸುತ್ತೆ. ಎಲ್ಲಾ ಕೋವಿ ಹಿಡಿದವನಿಗೋಸ್ಕರ.

ಹಕ್ಕಿಗಳ ಅಧ್ಯಯನವೂ ಕೋವಿಯಿಂದಲೇ ಬೆಳೆದಿದ್ದು. ಹತ್ತನೇ ಕ್ಲಾಸಲ್ಲಿ ಎ. ಓ. ಹ್ಯೂಮ್ ಬಗ್ಗೆ ಓದಿದ್ವಲ್ಲ, 1885ರಲ್ಲಿ ಕಾಂಗ್ರೆಸ್ ಕಟ್ಟಿದವರಲ್ಲಿ ಒಬ್ಬ? ಅದೇ 1885ರಲ್ಲಿ ಆತ ತನ್ನ ಹಕ್ಕಿ ಸಂಗ್ರಹವನ್ನ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟ. ಮೊಟ್ಟೆಗಳೂ ಸೇರಿ 80,000ಕ್ಕೂ ಹೆಚ್ಚು! ನಮ್ಮ ಪಠ್ಯದಲ್ಲಿ ಇದು ಒಂದು ಸಾಲೂ ಇರಲಿಲ್ಲ.

ಯಾಕೆ ಕೊಲ್ಲಬೇಕಿತ್ತು? ದೂರದಿಂದ ನೋಡಿ ಗುರುತಿಸೋಕೆ ಒಳ್ಳೆ ದುರ್ಬೀನು ಇರಲಿಲ್ಲ. ಜರ್ಮನಿಯ ಝೈಸ್ ಕಂಪನಿ ಪ್ರಿಸಂ ದುರ್ಬೀನು ಮಾರೋಕೆ ಶುರು ಮಾಡಿದ್ದು 1894ರಲ್ಲಿ. ಉಲಿಯಕ್ಕಿಗಳಂಥವು ಒಂದಕ್ಕೊಂದು ಎಷ್ಟು ಹೋಲುತ್ತವೆ ಅಂದ್ರೆ, ಕೈಯಲ್ಲಿ ಹಿಡಿದು ರೆಕ್ಕೆಯ ಗರಿ ಅಳೆದರೇ ಗೊತ್ತಾಗೋದು. ಸಲೀಂ ಅಲಿ ಅವರ ಕಥೆ ಶುರುವಾಗಿದ್ದೂ ಹುಡುಗನಾಗಿದ್ದಾಗ ಏರ್‌ಗನ್ನಿಂದ ಹೊಡೆದ ಒಂದು ಗುಬ್ಬಿಯಿಂದ. ಅದರ ಕತ್ತು ಹಳದಿ ಇತ್ತು, ಇದ್ಯಾವ ಗುಬ್ಬಿ ಅಂತ ಕೇಳೋಕೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು.

ಮುಂದೆ 1939–40ರಲ್ಲಿ ಅವರೇ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಆಗಲೂ ಹಕ್ಕಿಗಳನ್ನ ಹೊಡೆದು ಚರ್ಮ ಸಂಗ್ರಹಿಸೋದೇ ಪದ್ಧತಿ. ಆದರೆ ರಂಗನತಿಟ್ಟಿನ ನಡುಗಡ್ಡೆಗಳಲ್ಲಿ ಗೂಡುಗಳನ್ನ ನೋಡಿ ಮಹಾರಾಜರ ಮನವೊಲಿಸಿದವರೂ ಅವರೇ. 1940ರಲ್ಲಿ ಅದು ಪಕ್ಷಿಧಾಮ ಆಯ್ತು. ನನಗೆ ಅವರನ್ನ ಬೈಯೋ ಧೈರ್ಯ ಇಲ್ಲ. ನಾನು ಹಕ್ಕಿ ಗುರುತಿಸೋ ಪುಸ್ತಕಗಳ ಎಷ್ಟೋ ಅಳತೆಗಳು ಆ ಚರ್ಮಗಳಿಂದ ಬಂದವು.

ನನ್ನ ಕೈಲಿ ಕೋವಿ ಇಲ್ಲ, ಫೋನಿದೆ, ಗುಂಡನಿಗೆ ಹಗ್ಗ ಹಾಕಿದೀನಿ, ಅಷ್ಟು ಸಾಕು ಅಂದುಕೊಂಡಿದ್ದೆ. ಆಮೇಲೆ ಸಿಡ್ನಿ ಹತ್ತಿರದ ಕಾಡುದಾರಿಗಳಲ್ಲಿ ನಡೆದ ಒಂದು ಅಧ್ಯಯನ ಸಿಕ್ತು, 2007ರದ್ದು. ಹಗ್ಗ ಹಾಕಿದ ನಾಯಿ ಜೊತೆ ಜನ ನಡೆದು ಹೋದಾಗ ಅಲ್ಲಿ ಕಾಣೋ ಹಕ್ಕಿಗಳ ಬಗೆ ಶೇ. 35, ಸಂಖ್ಯೆ ಶೇ. 41 ಕಡಿಮೆ ಆಯ್ತಂತೆ. ಸಾವಿರಾರು ಕಿಲೋಮೀಟರ್ ಹಾರಿ ಬಂದು ಸುಸ್ತಾದ ಕಳಿಂಗ ಬೆಳಗಿನ ತಿಂಡಿ ಹುಡುಕೋ ಹೊತ್ತಿಗೆ ನಾವಿಬ್ಬರೂ ಹಾಜರ್.

ಮುಂದಿನ ಭಾನುವಾರದಿಂದ ಬೆಟ್ಟಕ್ಕೆ ನಾನೊಬ್ಬನೇ. ಗುಂಡನಿಗೆ ಸಂಜೆ ನಮ್ಮ ಬೀದಿ ಸುತ್ತು, ಬಿಸ್ಕೆಟ್ ಎಕ್ಸ್‌ಟ್ರಾ. ಕೊನೇ ಫೋಟೋದಲ್ಲಿ ಹಗ್ಗ ಕಚ್ಚಿಕೊಂಡು ಬಾಗಿಲ ಹತ್ರ ಕೂತಿದಾನೆ ನೋಡಿ. ಅವನಿಗೆ ಇನ್ನೂ ಹೇಳಿಲ್ಲ.