ಮಾಲೀಕರು ಅಸಮರ್ಥರಾದಲ್ಲಿ ಕ್ರಿಪ್ಟೋ ಆಸ್ತಿ: ಅಧಿಕಾರ ಪತ್ರ ಮತ್ತು ಉಯಿಲಿನ ಮಿತಿಗಳು

ಬಿಟ್‌ಕಾಯಿನ್ ಮುಂತಾದವು ಭಾರತದಲ್ಲಿ ಕಾನೂನುಬದ್ಧ ಚಲಾವಣೆಯ ನಾಣ್ಯವಲ್ಲ. ಆದರೂ 2022ರ ಹಣಕಾಸು ಅಧಿನಿಯಮವು ಇವುಗಳನ್ನು ವರ್ಚುವಲ್ ಡಿಜಿಟಲ್ ಆಸ್ತಿಯೆಂದು ಗುರುತಿಸಿ, ವರ್ಗಾವಣೆಯ ಆದಾಯಕ್ಕೆ ಶೇ. 30ರ ತೆರಿಗೆ ವಿಧಿಸಿತು. ಮಾಲೀಕರು ಪಾರ್ಶ್ವವಾಯು, ಅಪಘಾತ ಅಥವಾ ಮರೆವಿನ ಕಾಯಿಲೆಯಿಂದ ವ್ಯವಹರಿಸಲಾಗದ ಸ್ಥಿತಿಗೆ ಬಂದಾಗ, ಅವರ ಚಿಕಿತ್ಸೆಗಾದರೂ ಈ ಆಸ್ತಿ ಒದಗುವುದೇ ಎಂಬುದು ಮುಂಚಿತವಾಗಿ ಮಾಡಿಟ್ಟ ವ್ಯವಸ್ಥೆಯನ್ನು ಅವಲಂಬಿಸಿರುತ್ತದೆ.

ಅಧಿಕಾರ ಪತ್ರ

ಜಿಪಿಎ ಬರೆದುಕೊಟ್ಟಿದ್ದರೆ ಸಾಕೆಂಬ ಭಾವನೆ ಸಾರ್ವಜನಿಕರಲ್ಲಿದೆ. ಇದು ಸರಿಯಲ್ಲ. ಭಾರತೀಯ ಕರಾರು ಅಧಿನಿಯಮ, 1872ರ ಕಲಂ 201ರ ಪ್ರಕಾರ, ಅಧಿಕಾರ ನೀಡಿದವರು ಅಸ್ವಸ್ಥಚಿತ್ತರಾದಲ್ಲಿ ಪ್ರತಿನಿಧಿಯ ಅಧಿಕಾರ ಕೊನೆಗೊಳ್ಳುತ್ತದೆ. ಅಂದರೆ, ಪತ್ರದ ಅಗತ್ಯ ಬಿದ್ದ ದಿನವೇ ಅದು ಬಲ ಕಳೆದುಕೊಳ್ಳುತ್ತದೆ. ದೇಹ ಮಾತ್ರ ದುರ್ಬಲವಾಗಿ ಬುದ್ಧಿ ಸ್ವಸ್ಥವಿದ್ದಲ್ಲಿ ಈ ತೊಡಕಿಲ್ಲ.

ಉಯಿಲು

ಉಯಿಲು ಜಾರಿಗೆ ಬರುವುದು ಮರಣಾನಂತರ ಮಾತ್ರ. ನೋಂದಣಿ ಅಧಿನಿಯಮ, 1908ರ ಮೇರೆಗೆ ಉಯಿಲನ್ನು ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯವರಲ್ಲಿ ಠೇವಣಿ ಇಡಬಹುದಾದರೂ, ಮಾಲೀಕರು ಜೀವಂತವಿರುವವರೆಗೆ ಕುಟುಂಬದ ಕೋರಿಕೆಯ ಮೇಲೆ ಅದನ್ನು ತೆರೆಯಲಾಗದು. ಮರಣಾನಂತರ ತೆರೆದಾಗ ಅದರ ನಕಲು 3ನೇ ಪುಸ್ತಕದಲ್ಲಿ ದಾಖಲಾಗುತ್ತದೆ. ಆದ್ದರಿಂದ ಗುಪ್ತಪದಗಳನ್ನು ಉಯಿಲಿನಲ್ಲಿ ಬರೆಯುವುದು ಯಾವ ರೀತಿಯಿಂದಲೂ ಹಿತವಲ್ಲ.

ನ್ಯಾಯಾಲಯದ ಆದೇಶ

ಪ್ರಜ್ಞಾಹೀನ ರೋಗಿಗಳ ಆಸ್ತಿಗೆ ಪಾಲಕರನ್ನು ನೇಮಿಸುವಂತೆ ಸಂವಿಧಾನದ 226ನೇ ಅನುಚ್ಛೇದದಡಿ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು. ಕೇರಳ ಉಚ್ಚ ನ್ಯಾಯಾಲಯವು 2019ರಲ್ಲಿ ಈ ಕುರಿತು ಮಾರ್ಗಸೂಚಿ ನೀಡಿದೆ. ಆಸ್ತಿಯು ಭಾರತೀಯ ಎಕ್ಸ್‌ಚೇಂಜ್ ಖಾತೆಯಲ್ಲಿದ್ದರೆ ಪಾಲಕರು ಆದೇಶವನ್ನು ಆ ಸಂಸ್ಥೆಗೆ ಹಾಜರುಪಡಿಸಬಹುದು. ಮಾಲೀಕರ ಸ್ವಂತ ವಾಲೆಟ್‌ನಲ್ಲಿದ್ದರೆ ಆದೇಶ ಪಾಲಿಸಲು ಸಂಸ್ಥೆಯೇ ಇರುವುದಿಲ್ಲ. ಸಾಮಾನ್ಯವಾಗಿ 12 ಅಥವಾ 24 ಪದಗಳಿರುವ ಸೀಡ್ ಫ್ರೇಸ್ ಕಳೆದುಹೋದಲ್ಲಿ, ಪಾಸ್‌ವರ್ಡ್ ಮರೆತವರಿಗೆ ಬ್ಯಾಂಕ್ ಮಾಡಿಕೊಡುವಂತೆ ಬದಲಿ ನೀಡುವವರು ಯಾರೂ ಇಲ್ಲ.

ಕೈಗೊಳ್ಳಬೇಕಾದ ಕ್ರಮಗಳು

ಆಸ್ತಿ ಯಾವ ಎಕ್ಸ್‌ಚೇಂಜ್ ಅಥವಾ ಸಾಧನದಲ್ಲಿದೆ, ಪದಗಳ ಪ್ರತಿ ಎಲ್ಲಿದೆ ಎಂಬ ವಿವರವನ್ನು ನಂಬಿಕಸ್ಥರೊಬ್ಬರಿಗೆ ತಿಳಿಸಿರತಕ್ಕದ್ದು. ಪದಗಳನ್ನು ಆ ಪಟ್ಟಿಯಲ್ಲಿ ಬರೆಯಕೂಡದು, ಮೊಬೈಲ್‌ನಲ್ಲಿ ಛಾಯಾಚಿತ್ರ ತೆಗೆದಿಡಲೂ ಕೂಡದು. ಪದಗಳನ್ನು ಅರ್ಧರ್ಧ ಹಂಚುವ ರೂಢಿ ಅಪಾಯಕರ. ಒಂದು ಅರ್ಧ ಕಳೆದರೂ ಆಸ್ತಿ ಕೈತಪ್ಪುತ್ತದೆ. ಇದಕ್ಕಿಂತ, 3 ಕೀಲಿಗಳಲ್ಲಿ ಯಾವುದಾದರೂ 2 ಇದ್ದರೆ ತೆರೆಯುವ ಮಲ್ಟಿಸಿಗ್ ವಾಲೆಟ್ ಮೇಲು. ಆದರೆ ಕೀಲಿ ಬೇರೆ, ಕಾನೂನಿನ ಅಧಿಕಾರ ಬೇರೆ. ಕೀಲಿ ಹೊಂದಿದ ಮಾತ್ರಕ್ಕೆ ಆಸ್ತಿ ಮಾರುವ ಹಕ್ಕು ಬರುವುದಿಲ್ಲವಾದ್ದರಿಂದ, ಮಾಲೀಕರು ಸ್ವಸ್ಥರಿರುವಾಗಲೇ ವಕೀಲರ ಸಲಹೆ ಪಡೆಯತಕ್ಕದ್ದು.