ಆ ರಸ್ತೆಗೆ ನೀರು ಬಿಟ್ಟಿದ್ದು ಯಾಕೆ?

ಬೆನಜೀರ್ ಭುಟ್ಟೋ ಹತ್ಯೆಯ ಬಗ್ಗೆ ಮಾತಾಡಿದಾಗಲೆಲ್ಲ ವೀಕ್ಷಕರು ನನ್ನನ್ನು ಕೇಳೋದು ಒಂದೇ ಪ್ರಶ್ನೆ. ಕೊಂದಿದ್ದು ಯಾರು? ತಾಲಿಬಾನಾ, ಸೇನೆಯಾ, ಮುಷರಫಾ? ನಾನು ಇವತ್ತು ಕೇಳ್ತಿರೋದು ಬೇರೆ ಪ್ರಶ್ನೆ. ಆ ರಸ್ತೆಗೆ ನೀರು ಬಿಟ್ಟಿದ್ದು ಯಾಕೆ?

2007ರ ಡಿಸೆಂಬರ್ 27ರ ಸಂಜೆ. ರಾವಲ್ಪಿಂಡಿಯ ಲಿಯಾಖತ್ ಬಾಗ್‌ನಲ್ಲಿ ಚುನಾವಣಾ ಸಭೆ ಮುಗಿಸಿ ಬೆನಜೀರ್ ಹೊರಟಿದ್ದರು. ಕಾರಿನ ಮೇಲಿನ ಕಿಂಡಿಯಿಂದ ಎದ್ದು ನಿಂತು ಜನರಿಗೆ ಕೈಬೀಸುತ್ತಿದ್ದರು. ಮೂರು ಗುಂಡಿನ ಸದ್ದು, ಹಿಂದೆಯೇ ಆತ್ಮಾಹುತಿ ಸ್ಫೋಟ. ಬೆನಜೀರ್ ಜೊತೆ 20ಕ್ಕೂ ಹೆಚ್ಚು ಮಂದಿ ಸತ್ತರು. ಅದಾದ 1 ಗಂಟೆ 40 ನಿಮಿಷದೊಳಗೆ ಅಗ್ನಿಶಾಮಕ ವಾಹನದ ಪೈಪು ಹಿಡಿದು ಆ ಜಾಗವನ್ನು ತೊಳೆದುಬಿಟ್ಟರು. ಮದುವೆ ಮನೆಯ ಅಂಗಳ ತೊಳೆದ ಹಾಗೆ!

ಇದು ನಾನು ಕಟ್ಟಿದ ಕಥೆ ಅಲ್ಲ. ಚಿಲಿ ದೇಶದ ರಾಯಭಾರಿ ಹೆರಾಲ್ಡೊ ಮುನೋಜ್ ನೇತೃತ್ವದ ವಿಶ್ವಸಂಸ್ಥೆಯ ಆಯೋಗ 2010ರ ಏಪ್ರಿಲ್‌ನಲ್ಲಿ ಕೊಟ್ಟ ವರದಿಯಲ್ಲಿ ಇರೋದು. ಇಂಥ ಸ್ಫೋಟದ ಜಾಗದಲ್ಲಿ ಸಾವಿರಾರು ವಸ್ತುಗಳು ಸಾಕ್ಷ್ಯವಾಗಿ ಸಿಗಬೇಕಿತ್ತು. ಪೊಲೀಸರು ಸಂಗ್ರಹಿಸಿದ್ದು ಎಷ್ಟು ಗೊತ್ತಾ? ಬರೀ 23.

ಅದೇ ಮೈದಾನದಲ್ಲಿ 1951ರ ಅಕ್ಟೋಬರ್ 16ರಂದು ಪಾಕಿಸ್ತಾನದ ಮೊದಲ ಪ್ರಧಾನಿ ಲಿಯಾಖತ್ ಅಲಿ ಖಾನ್ ಅವರನ್ನು ಗುಂಡಿಟ್ಟು ಕೊಂದಿದ್ದರು. ಆಗ ಅದರ ಹೆಸರು ಕಂಪನಿ ಬಾಗ್. ಗುಂಡು ಹೊಡೆದವನನ್ನು ಪೊಲೀಸರು ಅಲ್ಲೇ ಕೊಂದುಹಾಕಿದರು. ಬದುಕಿದ್ದಿದ್ದರೆ ಅವನೇ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ಅವನ ಹಿಂದೆ ಯಾರಿದ್ದರು ಅನ್ನೋ ಗುಮಾನಿ ಇವತ್ತಿಗೂ ಹೋಗಿಲ್ಲ.

ನೀರು ಬಿಟ್ಟಿದ್ದಕ್ಕೆ ಪೊಲೀಸರು ಕೊಟ್ಟ ಕಾರಣ ಶಾಂತಿ, ಸುವ್ಯವಸ್ಥೆ. ರಕ್ತ ನೋಡಿ ಜನ ರೊಚ್ಚಿಗೇಳ್ತಿದ್ದರಂತೆ. ಈ ವಾದವನ್ನು ನಾನು ಪೂರ್ತಿ ತಳ್ಳಿಹಾಕಲ್ಲ. ನಾಯಕಿ ಸತ್ತ ಜಾಗದಲ್ಲಿ ಕಾರ್ಯಕರ್ತರು ಹೇಗಿರ್ತಾರೆ ಅಂತ ನಮಗೇನು ಗೊತ್ತಿಲ್ವಾ? ಆದರೆ ಜನರನ್ನು ದೂರ ಕಳಿಸೋಕೆ ಹಗ್ಗ ಕಟ್ಟಬಹುದು, ಪೊಲೀಸರನ್ನು ಸಾಲಾಗಿ ನಿಲ್ಲಿಸಬಹುದು. ಜನ ಉದ್ರೇಕಗೊಂಡಿದ್ದಾರೆ ಅಂತ ಸಾಕ್ಷ್ಯವನ್ನು ಚರಂಡಿಗೆ ಬಿಡೋದೇ?

ಇದಕ್ಕೆ ಹದಿನಾರು ವರ್ಷ ಮೊದಲು ನಮ್ಮ ಪಕ್ಕದ ತಮಿಳುನಾಡಿನಲ್ಲೂ ಇಂಥದ್ದೇ ಒಂದು ರಾತ್ರಿ ಬಂದಿತ್ತು. 1991ರ ಮೇ 21, ಶ್ರೀಪೆರಂಬದೂರು. ಅದೂ ಚುನಾವಣಾ ಸಭೆ. ಅಲ್ಲೂ ಆತ್ಮಾಹುತಿ ಬಾಂಬ್, ಕತ್ತಲು, ಕಾಲ್ತುಳಿತ, ಅಳು. ರಾಜೀವ್ ಗಾಂಧಿ ಸತ್ತ ಸುದ್ದಿ ಹರಡುತ್ತಿದ್ದಂತೆ ತಮಿಳುನಾಡಿನ ಎಷ್ಟೋ ಕಡೆ ಗಲಭೆಯೂ ಆಯ್ತು. ಆದರೆ ಆ ನೆಲಕ್ಕೆ ಯಾರೂ ನೀರು ಬಿಡಲಿಲ್ಲ.

ಅಲ್ಲಿ ಸತ್ತವರ ಪೈಕಿ ಹರಿಬಾಬು ಅನ್ನೋ ಒಬ್ಬ ಫೋಟೋಗ್ರಾಫರ್ ಇದ್ದ. ಅವನ ಕ್ಯಾಮೆರಾ ಮಾತ್ರ ಒಡೆಯದೆ ಉಳಿದಿತ್ತು. ಒಳಗಿದ್ದ ರೀಲು ತೊಳೆದಾಗ ಹತ್ತು ಚಿತ್ರ ಬಂದವು. ಒಂದರಲ್ಲಿ ಗಂಧದ ಹಾರ ಹಿಡಿದು ನಿಂತ ಕನ್ನಡಕದ ಹುಡುಗಿ. ಅವಳೇ ಧನು, ಬಾಂಬ್ ಕಟ್ಟಿಕೊಂಡು ಬಂದವಳು. ಇನ್ನೊಂದು ಕಡೆ ಬಿಳಿ ಕುರ್ತಾ ಪೈಜಾಮ ತೊಟ್ಟ ಗಂಡಸು, ಕೈಯಲ್ಲಿ ನೋಟ್‌ಬುಕ್ಕು. ಪತ್ರಕರ್ತನ ವೇಷ! ನಮ್ಮ ವೃತ್ತಿಯವರಿಗೆ ಈ ವಿವರ ಇವತ್ತಿಗೂ ಚುಚ್ಚುತ್ತೆ. ಅವನೇ ಒಂಟಿಕಣ್ಣಿನ ಶಿವರಾಸನ್.

ತಮಿಳುನಾಡು ವಿಧಿವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದ ಪಿ. ಚಂದ್ರಶೇಖರನ್ ಆ ಜಾಗದಲ್ಲಿ ಸಿಕ್ಕ ಬಟ್ಟೆ ಚೂರು, ವೈರು, ಬ್ಯಾಟರಿ ತುಂಡುಗಳನ್ನು ಜೋಡಿಸುತ್ತಾ ಹೋದರು. ಬಾಂಬ್ ನೆಲದಲ್ಲಿ ಹುಗಿದಿದ್ದಲ್ಲ, ಹೂಗುಚ್ಛದಲ್ಲಿ ಇಟ್ಟಿದ್ದೂ ಅಲ್ಲ, ಹೆಂಗಸೊಬ್ಬಳ ಸೊಂಟಕ್ಕೆ ಬೆಲ್ಟಿನ ಹಾಗೆ ಕಟ್ಟಿದ್ದು ಅಂತ ಹೇಳಿದ್ದು ಹೀಗೆ. ಯಾವ ಶವಕ್ಕೆ ಎಲ್ಲಿ ಎಂಥ ಗಾಯ ಆಗಿದೆ ಅನ್ನೋದೇ ಅವರಿಗೆ ದಿಕ್ಕು ತೋರಿಸಿತು. ಯೋಚನೆ ಮಾಡಿ, ಆ ಬ್ಯಾಟರಿ ತುಂಡು ಯಾರದೋ ಚಪ್ಪಲಿಗೆ ಅಂಟಿಕೊಂಡು ಹೋಗಿದ್ದರೆ?

ಸಿಬಿಐನ ವಿಶೇಷ ತನಿಖಾ ತಂಡಕ್ಕೆ ಕರ್ನಾಟಕ ಕೇಡರ್‌ನ ಐಪಿಎಸ್ ಅಧಿಕಾರಿ ಡಿ.ಆರ್. ಕಾರ್ತಿಕೇಯನ್ ಮುಖ್ಯಸ್ಥರು. ಮೂರು ತಿಂಗಳಲ್ಲಿ ಜಾಡು ನಮ್ಮ ಬೆಂಗಳೂರಿನ ಕೋಣನಕುಂಟೆಯ ಒಂದು ಮನೆಗೆ ಬಂದು ನಿಂತಿತು. ಆಗಸ್ಟ್ 20ರಂದು ಕಮಾಂಡೋಗಳು ಒಳನುಗ್ಗುವಷ್ಟರಲ್ಲಿ ಶಿವರಾಸನ್ ಮತ್ತು ಆರು ಮಂದಿ ಹೆಣವಾಗಿದ್ದರು. ಅವತ್ತು ರಾಜೀವ್ ಹುಟ್ಟಿದ ದಿನ. ಶಿವರಾಸನ್ ಜೀವಂತ ಸಿಗಲಿಲ್ಲ ಅನ್ನೋ ಕೊರಗು ಉಳಿಯಿತು, ನಿಜ. ಆದರೂ ಕೊಂದವರು ಯಾರು ಅನ್ನೋದಕ್ಕೆ ಮುಖ ಸಿಕ್ಕಿತ್ತು.

ಇಲ್ಲಿ ನಂದೂ ಒಂದು ತಪ್ಪು ಒಪ್ಪಿಕೊಳ್ತೀನಿ. ವರದಿಗಾರನಾಗಿದ್ದಾಗ ಹೆದ್ದಾರಿಯಲ್ಲಿ ಸುಟ್ಟುಹೋದ ಬಸ್ಸೊಂದರ ಒಳಗೆ ಮೈಕ್ ಹಿಡಿದು ಹತ್ತಿಬಿಟ್ಟಿದ್ದೆ. ಒಳ್ಳೆ ಶಾಟ್ ಬೇಕಿತ್ತು. ದಾರಿಗೆ ಅಡ್ಡ ಇದ್ದ ಬ್ಯಾಗೊಂದನ್ನು ಕಾಲಲ್ಲೇ ಪಕ್ಕಕ್ಕೆ ಸರಿಸಿದೆ. ವಯಸ್ಸಾದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಕೆಳಗಿಂದ ಕೂಗಿದರು: “ಸಾರ್, ಆ ಬ್ಯಾಗ್ ಯಾವ ಸೀಟ್ ಹತ್ರ ಇತ್ತೂಂತ ನಾಳೆ ಅವರ ಮನೆಯವರಿಗೆ ನೀವೇ ಹೇಳ್ತೀರಾ?” ಸುಟ್ಟ ದೇಹಗಳಲ್ಲಿ ಯಾರು ಯಾರು ಅಂತ ಗುರುತಿಸೋಕೆ ಅದೊಂದೇ ಆಧಾರ ಆಗಿರಬಹುದಿತ್ತು. ನಾನು ಸುಮ್ಮನೆ ಇಳಿದು ಬಂದೆ.

ರಾವಲ್ಪಿಂಡಿಗೆ ವಾಪಸ್ ಬರ್ತೀನಿ. ಅಲ್ಲಿ ರಸ್ತೆ ಮಾತ್ರ ಹೋಗಲಿಲ್ಲ, ಶವಪರೀಕ್ಷೆಯೂ ಆಗಲಿಲ್ಲ. ವೈದ್ಯರು ಕೇಳಿದರೂ ಪೊಲೀಸ್ ಮುಖ್ಯಸ್ಥರು ಬಿಡಲಿಲ್ಲ ಅಂತ ಆಯೋಗ ಬರೆದಿದೆ. ಪರಿಣಾಮ ಏನಾಯ್ತು? ಮರುದಿನವೇ ಸರ್ಕಾರ, ಕಾರಿನ ಕಿಂಡಿಯ ಲಿವರ್ ತಲೆಗೆ ಬಡಿದು ಸತ್ತರು ಅಂತು. ಪಕ್ಷದವರು, ಇಲ್ಲ, ಗುಂಡೇಟು ಅಂದರು. ಆಮೇಲೆ ಬಂದ ಸ್ಕಾಟ್ಲೆಂಡ್ ಯಾರ್ಡ್ ತಜ್ಞರು, ಸ್ಫೋಟದ ರಭಸಕ್ಕೆ ತಲೆ ಕಿಂಡಿಯ ಅಂಚಿಗೆ ಬಡಿದಿದ್ದೇ ಕಾರಣ ಅಂದರು. ಅವರ ಹತ್ತಿರ ಇದ್ದಿದ್ದು ಎಕ್ಸ್‌ರೇ ಮತ್ತು ವಿಡಿಯೋ. ದೇಹ ಆಗಲೇ ಮಣ್ಣು ಸೇರಿತ್ತು. ಎಷ್ಟೋ ಜನ ಇವತ್ತಿಗೂ ನಂಬಲ್ಲ.

ಇಡೀ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ಸಂಗತಿ. ಜಂಟಿ ತನಿಖಾ ತಂಡಕ್ಕೆ ಜಾಗ ನೋಡೋಕೆ ಸಿಕ್ಕಿದ್ದು ಎರಡು ದಿನ ಕಳೆದ ಮೇಲೆ. ಅಷ್ಟೊತ್ತಿಗೆ ರಸ್ತೆ ಸ್ವಚ್ಛ. ಆ ತನಿಖಾಧಿಕಾರಿಗಳು ಕೈಚೆಲ್ಲಲಿಲ್ಲ. ನೀರು ಎತ್ತ ಹರಿಯಿತು ಅಂತ ನೋಡಿಕೊಂಡು ಚರಂಡಿಗೆ ಇಳಿದು, ಕೆಸರನ್ನು ಜಾಲಾಡಿದರು. ಸಿಕ್ಕಿದ್ದು ಒಂದೇ ಒಂದು ಗುಂಡಿನ ಖಾಲಿ ಕೋಶ. ಅದು ಹಂತಕನ ಡಿಎನ್‌ಎ ಇದ್ದ ಪಿಸ್ತೂಲಿನದೇ ಅಂತ ಪರೀಕ್ಷೆಯಲ್ಲಿ ಗೊತ್ತಾಯ್ತು. ಚರಂಡಿಯಲ್ಲೇ ಅಷ್ಟು ಸಿಕ್ಕಿದೆ ಅಂದಮೇಲೆ, ತೊಳೆಯದೆ ಬಿಟ್ಟಿದ್ದರೆ ರಸ್ತೆಯ ಮೇಲೆ ಎಷ್ಟಿತ್ತು?

2017ರ ಆಗಸ್ಟ್ 31ರಂದು ರಾವಲ್ಪಿಂಡಿಯ ಭಯೋತ್ಪಾದನಾ ನಿಗ್ರಹ ನ್ಯಾಯಾಲಯ ತೀರ್ಪು ಕೊಟ್ಟಿತು. ಹತ್ಯೆಯ ಸಂಚಿನ ಆರೋಪ ಹೊತ್ತಿದ್ದ ಐವರು ಖುಲಾಸೆ. ಮುಷರಫ್ ತಲೆಮರೆಸಿಕೊಂಡ ಆರೋಪಿ ಅಂತ ಘೋಷಣೆ. ಶಿಕ್ಷೆ ಆಗಿದ್ದು ಇಬ್ಬರಿಗೆ, ತಲಾ 17 ವರ್ಷ. ಇಬ್ಬರೂ ಪೊಲೀಸ್ ಅಧಿಕಾರಿಗಳು. ಆ ಜಾಗ ತೊಳೆದದ್ದಕ್ಕೆ ಹೊಣೆ ಅಂತ ಆರೋಪ ಹೊತ್ತಿದ್ದವರು. ಕೆಲವೇ ತಿಂಗಳಲ್ಲಿ ಅವರಿಗೂ ಜಾಮೀನು ಸಿಕ್ಕಿತು.